ದೋಣಿ ಹೊರುವ ಟ್ರೇಲರ್‌ನ ಹಲಗೆಗಳು: ಬಿಚ್ಚುವ ಮುನ್ನ ಅಳೆಯಿರಿ

ಪ್ರಶ್ನೆ: ನನ್ನ ಬಳಿ ಸುಮಾರು 5 ಮೀಟರ್ ಉದ್ದದ ಅಲ್ಯೂಮಿನಿಯಂ ದೋಣಿ ಇದೆ. ಎಂಜಿನ್, ಇಂಧನ ಎಲ್ಲ ಸೇರಿ ತೂಕ 600 ಕಿಲೋ ಆಗಬಹುದು. ಅದನ್ನು ಹೊರುವ ಟ್ರೇಲರ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು, ಕಾರ್ಪೆಟ್ ಸುತ್ತಿದ 3 ಮೀಟರ್ ಉದ್ದದ ಮರದ ಹಲಗೆಗಳಿವೆ. ಪ್ರತಿ ಹಲಗೆಗೂ ಮೂರು ಬ್ರಾಕೆಟ್‌ಗಳ ಆಧಾರವಿದೆ. ಈಚೆಗೆ ದೋಣಿಯನ್ನು ಮೇಲೆಳೆಯುವಾಗ ಬಲಬದಿಯ ಹಲಗೆ ಲಟಕ್ಕೆಂದಿತು. ಕಾರ್ಪೆಟ್ ಅಲ್ಲಲ್ಲಿ ಹರಿದಿದೆ, ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆ. ಕಾರ್ಪೆಟ್ ಮಾತ್ರ ಬದಲಿಸಿದರೆ ಸಾಕೇ? ಮರ ಬದಲಿಸುವುದಾದರೆ ರಾಸಾಯನಿಕ ಸಂಸ್ಕರಣೆ ಮಾಡಿದ ಮರ ಹೆಚ್ಚು ಬಾಳುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ, ಅದು ಸರಿಯೇ? ಪ್ಲಾಸ್ಟಿಕ್ ಹಲಗೆ ಹಾಕಬಹುದೇ? ದೋಣಿ ಟ್ರೇಲರ್ ಮೇಲಿರುವಾಗಲೇ ಈ ಕೆಲಸ ಸಾಧ್ಯವೇ?

ಉತ್ತರ: ಲಟಕ್ಕೆಂದು ಸದ್ದು ಮಾಡಿದ ಹಲಗೆಗೆ ಹೊಸ ಕಾರ್ಪೆಟ್ ಹೊದಿಸುವುದು ಕೊಳೆತ ಹಲ್ಲಿಗೆ ಬಂಗಾರದ ಕವಚ ಹಾಕಿಸಿದಂತೆ, ಮರವನ್ನು ಬದಲಿಸಲೇಬೇಕು, ಅದೂ ಎರಡೂ ಬದಿಯದನ್ನು, ಆದರೆ ಒಂದಾದ ಮೇಲೊಂದರಂತೆ. ಸಂಸ್ಕರಿಸಿದ ಮರ ಹೆಚ್ಚು ಕಾಲ ಬಾಳುತ್ತದೆ ಎಂಬ ನಿಮ್ಮ ಗೆಳೆಯರ ಮಾತು ಮರದ ಮಟ್ಟಿಗೆ ನಿಜ. ಆದರೆ ಅಲ್ಯೂಮಿನಿಯಂ ದೋಣಿಯ ಮಟ್ಟಿಗೆ ಅದು ಕೆಟ್ಟ ಸಲಹೆ. ಯಾಕೆಂಬುದನ್ನು ಮರದ ಆಯ್ಕೆಯ ಮಾತು ಬಂದಾಗ ವಿವರಿಸುತ್ತೇನೆ. ದೋಣಿ ಮೇಲಿರುವಾಗಲೇ ಕೆಲಸ ಮಾಡಬಹುದು, ಆದರೆ ದೋಣಿಯನ್ನು ನೀರಿಗಿಳಿಸಿ ಖಾಲಿ ಟ್ರೇಲರ್ ಮೇಲೆ ಮಾಡುವುದೇ ಮೇಲು.

ಮೊದಲಿಗೆ ಈ ಹಲಗೆಗಳು ಮಾಡುವ ಕೆಲಸವೇನೆಂಬುದು ಸ್ಪಷ್ಟವಾಗಬೇಕು, ಏಕೆಂದರೆ ಮರ, ಅಳತೆ, ಜಾಗ ಎಲ್ಲದರ ಆಯ್ಕೆಯೂ ಅದನ್ನೇ ಅವಲಂಬಿಸಿದೆ. ದೋಣಿ ನೀರಿನಲ್ಲಿರುವಾಗ ಅದರ ತಳದ ಒಂದೊಂದು ಅಂಗುಲಕ್ಕೂ ನೀರಿನ ಆಸರೆಯಿರುತ್ತದೆ. ಟ್ರೇಲರ್ ಮೇಲೆ ಬಂದೊಡನೆ ಅಷ್ಟೂ ತೂಕ ಎರಡು ಕಿರಿದಾದ ಪಟ್ಟಿಗಳ ಮೇಲೆ ಬೀಳುತ್ತದೆ. ನಿಮ್ಮ ಹಲಗೆಗಳು 89 ಮಿ.ಮೀ. ಅಗಲವಿದ್ದು, ಉದ್ದಕ್ಕೂ ತಳಕ್ಕೆ ಸರಿಯಾಗಿ ತಾಗಿ ನಿಂತಿವೆ ಎಂದುಕೊಂಡರೆ, 600 ಕಿಲೋ ತೂಕ ಸುಮಾರು ಅರ್ಧ ಚದರ ಮೀಟರ್‌ನಷ್ಟು ಜಾಗದಲ್ಲಿ ಹಂಚಿಹೋಗುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರ್‌ಗೆ ಸರಾಸರಿ 110 ಗ್ರಾಂ ಆಸುಪಾಸು. ಇದು ಏನೂ ಅಲ್ಲ. ಆದರೆ ಹಲಗೆ ಮೆತ್ತಗಾಗಿ ಬ್ರಾಕೆಟ್‌ಗಳ ನಡುವೆ ಜೋತುಬಿದ್ದರೆ, ಅದೇ ತೂಕ ಆರು ಬ್ರಾಕೆಟ್‌ಗಳ ನೆತ್ತಿಯ ಮೇಲಷ್ಟೇ ಕೂರುತ್ತದೆ. ಆಗ ತಳದ ತೆಳು ತಗಡು ಆ ಆರು ಜಾಗಗಳಲ್ಲಿ ಒಳಗೆ ತಗ್ಗತೊಡಗುತ್ತದೆ. ದಾರಿಯ ಗುಂಡಿಗಳಲ್ಲಿ ಟ್ರೇಲರ್ ಎಗರಿದಾಗಲೆಲ್ಲ ಈ ಹೊಡೆತ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಹಲಗೆ ಮುರಿಯುವುದಕ್ಕಿಂತ, ಮುರಿಯದೆ ಜೋತುಬಿದ್ದಿರುವುದೇ ದೋಣಿಗೆ ಹೆಚ್ಚು ಕೇಡು ಎಂಬುದು ನನ್ನ ಅನುಭವ; ಮುರಿದದ್ದು ಕಣ್ಣಿಗೆ ಕಾಣುತ್ತದೆ, ಜೋತದ್ದು ಕಾರ್ಪೆಟ್ಟಿನೊಳಗೆ ಅಡಗಿರುತ್ತದೆ.

ನಿಮ್ಮ ಬಲಬದಿಯ ಹಲಗೆಯ ಕಾರ್ಪೆಟ್ಟನ್ನು ಹಿಂತುದಿಯಿಂದ ಒಂದು ಗೇಣಿನಷ್ಟು ಬಿಚ್ಚಿ ನೋಡಿ. ಸ್ಟೇಪಲ್‌ಗಳು ಕಿತ್ತಳೆ ಬಣ್ಣದ ಪುಡಿಯಾಗಿ ಕೈಗೆ ಬರಬಹುದು. ಅದರಡಿಯ ಮರ ಕಂದು ಬಣ್ಣಕ್ಕೆ ತಿರುಗಿ, ಉದ್ದಕ್ಕೂ ಅಡ್ಡಕ್ಕೂ ಸೀಳಿ, ಚಚ್ಚೌಕದ ಚಿಕ್ಕ ತುಂಡುಗಳಾಗಿ ಒಡೆದಂತಿದ್ದು, ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನಂತೆ ಕುಸಿದರೆ, ಅದು ಶಿಲೀಂಧ್ರ ತಿಂದ ಮರ. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದರೆ ದಬ್ಬಳವನ್ನೋ ಚೂಪಾದ ಸ್ಕ್ರೂಡ್ರೈವರನ್ನೋ ತೆಗೆದುಕೊಂಡು ಬೋಲ್ಟ್ ರಂಧ್ರಗಳ ಸುತ್ತ ಮತ್ತು ಎರಡು ತುದಿಗಳಲ್ಲಿ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಮೊನೆ ಕಷ್ಟಪಟ್ಟು ಇಳಿಯುತ್ತದೆ, ಮೀಟಿದರೆ ಉದ್ದನೆಯ ಸಿಬಿರು ಏಳುತ್ತದೆ. ಲಡ್ಡು ಹಿಡಿದ ಮರದಲ್ಲಿ ಸಲೀಸಾಗಿ ಇಳಿಯುತ್ತದೆ, ಮೀಟಿದರೆ ಸಿಬಿರೇಳದೆ ಗಿಡ್ಡ ಚೂರು ಪುಟಕ್ಕನೆ ಮುರಿಯುತ್ತದೆ. ಮರ ಕೊಳೆಯಬೇಕಾದರೆ ಅದರೊಳಗಿನ ತೇವ ಸುಮಾರು ಶೇ. 28-30ರ ಮೇಲೆ ಬಹುಕಾಲ ಉಳಿಯಬೇಕು, ಶೇ. 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಟ್ರೇಲರ್ ಹಲಗೆ ನೀರಿನಲ್ಲಿ ಮುಳುಗುವುದು ಕೆಲವೇ ನಿಮಿಷ. ಅದನ್ನು ಕೊಲ್ಲುವುದು ಆ ಮುಳುಗಲ್ಲ, ಒದ್ದೆ ಕಾರ್ಪೆಟ್ ಮತ್ತು ಮೇಲೆ ಕೂತ ದೋಣಿ ಸೇರಿ ದಿನಗಟ್ಟಲೆ ಹಿಡಿದಿಡುವ ತೇವ. ಈ ಮಾತನ್ನು ನೆನಪಿಟ್ಟರೆ ಮುಂದಿನ ಹಲವು ಸಲಹೆಗಳ ಕಾರಣ ತಾನಾಗಿ ತಿಳಿಯುತ್ತದೆ.

ಇನ್ನು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಅಳತೆ. ಎಷ್ಟೋ ವರ್ಷಗಳ ಹಿಂದೆ ನಾನು ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕಿದಾಗ, ಉತ್ಸಾಹದಲ್ಲಿ ಎರಡೂ ಹಲಗೆಗಳನ್ನು ಬ್ರಾಕೆಟ್ ಸಮೇತ ಬಿಚ್ಚಿ ನೆಲಕ್ಕೆ ಹಾಕಿದ್ದೆ. ಮರಳಿ ಕೂರಿಸುವಾಗ ಚಕ್ರದ ಮೇಲಿನ ಮಡ್‌ಗಾರ್ಡಿನಿಂದ ಒಳಕ್ಕೆ ಸಮಾನ ದೂರ ಅಳೆದು ಕೂರಿಸಿದೆ. ಒಂದು ಬದಿಯ ಮಡ್‌ಗಾರ್ಡ್ ಹಿಂದೆಂದೋ ಪೆಟ್ಟು ತಿಂದು ಬಾಗಿದ್ದನ್ನು ನಾನು ಗಮನಿಸಿರಲಿಲ್ಲ. ದೋಣಿ ಎರಡು ಬೆರಳಿನಷ್ಟು ಒಂದು ಪಕ್ಕಕ್ಕೆ ಸರಿದು ಕೂತಿತು, ಎಂಜಿನ್ ವಾಲಿತು, ಮಾರನೆಯ ದಿನವೆಲ್ಲ ಬ್ರಾಕೆಟ್ ಸಡಿಲಿಸುವುದು ಬಿಗಿಯುವುದರಲ್ಲೇ ಕಳೆಯಿತು. ಅಂದಿನಿಂದ ನಾನು ಅಳೆಯುವುದು ಟ್ರೇಲರ್ ಚೌಕಟ್ಟಿನ ಉದ್ದ ತೊಲೆಗಳ ಒಳ ಅಂಚಿನಿಂದ ಮಾತ್ರ. ಹಲಗೆಯ ಮುಂತುದಿ, ನಡು, ಹಿಂತುದಿ ಈ ಮೂರು ಜಾಗಗಳಲ್ಲಿ ತೊಲೆಯಿಂದ ಎಷ್ಟು ದೂರ, ಅಡ್ಡಪಟ್ಟಿಯಿಂದ ಎಷ್ಟು ಎತ್ತರ, ಹಿಂತುದಿ ಚೌಕಟ್ಟಿನ ಕೊನೆಯಿಂದ ಎಷ್ಟು ಮುಂದೆ ಅಥವಾ ಹಿಂದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಬ್ರಾಕೆಟ್‌ಗಳು ಚೌಕಟ್ಟನ್ನು ಹಿಡಿದಿರುವ ಜಾಗದಲ್ಲಿ ಬಣ್ಣದ ಪೆನ್ನಿನಿಂದ ಗೆರೆ ಎಳೆಯಿರಿ. ಎರಡೂ ಪಕ್ಕದಿಂದ ಫೋಟೋ ತೆಗೆದುಕೊಳ್ಳಿ. ಹಳೆಯ ಹಲಗೆ ಸವೆದು ತೆಳ್ಳಗಾಗಿರುವುದರಿಂದ ಎತ್ತರವನ್ನು ಹಲಗೆಯ ಮೇಲ್ಮೈಗೆ ಅಳೆಯಬೇಡಿ, ಬ್ರಾಕೆಟ್ಟಿನ ತಲೆಗೆ ಅಳೆಯಿರಿ. ಒಂದು ಬದಿಯನ್ನು ಪೂರ್ತಿ ಮುಗಿಸುವ ತನಕ ಇನ್ನೊಂದನ್ನು ಮುಟ್ಟದಿದ್ದರೆ, ನಿಂತಿರುವ ಹಲಗೆಯೇ ನಿಮಗೆ ಅಚ್ಚಾಗುತ್ತದೆ.

ಆದರೆ ಹಳೆಯ ಜಾಗವೇ ಸರಿಯಾದ ಜಾಗ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಎರಡು ಸಂಗತಿಗಳನ್ನು ಈಗಲೇ ಪರೀಕ್ಷಿಸಿ. ದೋಣಿಯ ಹಿಂಬದಿಯ ನೇರ ಗೋಡೆಯನ್ನು, ಅಂದರೆ ಎಂಜಿನ್ ತೂಗುವ ಟ್ರಾನ್ಸಮ್ಮನ್ನು, ನೋಡಿ: ಹಲಗೆಯ ಹಿಂತುದಿ ಕನಿಷ್ಠ ಅದರ ನೇರಕ್ಕಾದರೂ ಬಂದಿರಬೇಕು, ಅದರಿಂದಾಚೆಗೆ 2ರಿಂದ 5 ಸೆಂ.ಮೀ. ಚಾಚಿದ್ದರೆ ಇನ್ನೂ ಒಳ್ಳೆಯದು. ಎಂಜಿನ್ನಿನ ಭಾರವೆಲ್ಲ ಆ ಗೋಡೆಯ ಮೇಲಿರುತ್ತದೆ. ಹಲಗೆ ಅದನ್ನು ತಲುಪುವ ಒಂದು ಮೊಳ ಮೊದಲೇ ಮುಗಿದುಹೋದರೆ, ಆಧಾರವಿಲ್ಲದ ಭಾಗ ವರ್ಷಗಳಲ್ಲಿ ಕೆಳಕ್ಕೆ ಬಾಗಿ ತಳದಲ್ಲಿ ಕೊಕ್ಕೆಯಂಥ ತಿರುವು ಉಂಟಾಗುತ್ತದೆ. ಅಂಥ ದೋಣಿ ವೇಗದಲ್ಲಿ ಓಡುವಾಗ ಮೂತಿಯನ್ನು ಕೆಳಗೊತ್ತುತ್ತದೆ, ವೇಗ ಕುಂದುತ್ತದೆ, ಮತ್ತು ತಪ್ಪು ಟ್ರೇಲರಿನದೆಂದು ಯಾರಿಗೂ ಹೊಳೆಯುವುದಿಲ್ಲ. ಎರಡನೆಯದು, ತಳದ ಉದ್ದಕ್ಕೂ ಇರುವ ಏಣುಗಳು ಮತ್ತು ರಿವೆಟ್ ಸಾಲುಗಳು. ಹಲಗೆಯ ಅಗಲ ಎರಡು ಏಣುಗಳ ನಡುವಿನ ಸಪಾಟು ಭಾಗದಲ್ಲಿ, ಒಳಗಿನ ಉದ್ದ ದಿಂಡಿನ ನೇರಕ್ಕೆ ಬಂದರೆ ಅದು ಸರಿಯಾದ ಜಾಗ. ಏಣಿನ ಮೇಲೆ ಅಥವಾ ರಿವೆಟ್ಟುಗಳ ಮೇಲೆ ಕೂತಿದ್ದರೆ ಬ್ರಾಕೆಟ್ಟುಗಳನ್ನು ಸರಿಸಲು ಇದೇ ಸಮಯ. ಮೀನು ಅಥವಾ ಆಳ ತೋರುವ ಸಾಧನದ ಸೆನ್ಸರ್ ಹಿಂಭಾಗದಲ್ಲಿದ್ದರೆ ಚಾಚಿದ ಹಲಗೆ ಅದಕ್ಕೆ ತಗಲದಂತೆಯೂ ನೋಡಿಕೊಳ್ಳಬೇಕು.

ದೋಣಿಯನ್ನು ನೀರಿನಲ್ಲಿ ಕಟ್ಟಿಹಾಕಲು ಸುರಕ್ಷಿತ ಜಾಗವಿದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ನಿಮ್ಮ ದೋಣಿಯ ಗಾತ್ರಕ್ಕೆ ಒಂದು ಉಪಾಯವಿದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಟ್ರೇಲರ್ ನಿಲ್ಲಿಸಿ, ಒಳಗಿನ ನೀರು, ಸಾಮಾನುಗಳನ್ನೆಲ್ಲ ತೆಗೆಯಿರಿ. ಮುಂದಿನ ಜ್ಯಾಕನ್ನು ಇಳಿಸಿ ಟ್ರೇಲರ್‌ನ ಮೂತಿಯನ್ನು ಆದಷ್ಟು ತಗ್ಗಿಸಿದರೆ, ಚಕ್ರದ ಅಚ್ಚಿನ ಮೇಲೆ ತಕ್ಕಡಿಯಂತೆ ತಿರುಗಿ ಹಿಂಭಾಗ ಮೇಲೇಳುತ್ತದೆ. ಈಗ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡಗಲ್ಲು ಕೊಟ್ಟು, ಟ್ರಾನ್ಸಮ್ಮಿನ ಎರಡೂ ಮೂಲೆಗಳ ಬಲವಾದ ಭಾಗದಡಿ ಅಗಲ ಬುಡದ ಸ್ಟ್ಯಾಂಡ್‌ಗಳನ್ನೋ ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿದ ದಪ್ಪ ಮರದ ದಿಮ್ಮಿಗಳನ್ನೋ ಇಡಿ. ಆಮೇಲೆ ಜ್ಯಾಕ್ ಏರಿಸಿದರೆ ಟ್ರೇಲರ್‌ನ ಹಿಂಭಾಗ ಇಳಿಯುತ್ತದೆ, ದೋಣಿಯ ಹಿಂಭಾಗ ಸ್ಟ್ಯಾಂಡುಗಳ ಮೇಲೆ ಉಳಿಯುತ್ತದೆ, ನಡುವೆ ಹಲಗೆ ಎಳೆಯುವಷ್ಟು ಸಂದು ಸಿಗುತ್ತದೆ. ವಿಂಚಿನ, ಅಂದರೆ ದೋಣಿಯನ್ನು ಟ್ರೇಲರ್ ಮೇಲೆಳೆಯುವ ರಾಟೆಯ, ಪಟ್ಟಿಯನ್ನು ತುಸು ಸಡಿಲಿಸಬೇಕಾಗುತ್ತದೆ, ಆದರೆ ಪೂರ್ತಿ ಬಿಚ್ಚಬಾರದು; ದೋಣಿಯ ಮೂತಿಯ ಸುರಕ್ಷಾ ಸರಪಳಿಯಂತೂ ಕೊನೆಯವರೆಗೂ ಇರಬೇಕು. ಹೈಡ್ರಾಲಿಕ್ ಜ್ಯಾಕ್ ಎತ್ತಲಿಕ್ಕೆ ಮಾತ್ರ, ಹೊತ್ತುನಿಲ್ಲಲಿಕ್ಕಲ್ಲ. ಅದರ ಭರವಸೆಯ ಮೇಲೆ ದೋಣಿಯಡಿಗೆ ತಲೆಯನ್ನೂ ಕೈಯನ್ನೂ ಹಾಕಬೇಡಿ. ಒಳಗಿನ ರಬ್ಬರ್ ಸೀಲಿನಲ್ಲಿ ಎಣ್ಣೆ ಜಿನುಗಿದರೆ ಸದ್ದಿಲ್ಲದೆ ಕುಸಿಯುತ್ತದೆ.

ಈಗ ಮರ. ಒತ್ತಡದಲ್ಲಿ ರಾಸಾಯನಿಕ ತುಂಬಿಸಿದ ಮರದಲ್ಲಿ ಶಿಲೀಂಧ್ರವನ್ನು ತಡೆಯುವ ಮುಖ್ಯ ವಸ್ತು ಬಹುತೇಕ ತಾಮ್ರ. ಹಿಂದೆ ಬಳಕೆಯಲ್ಲಿದ್ದ ಸಿಸಿಎ ಎಂಬ ದ್ರಾವಣದಲ್ಲಿ ತಾಮ್ರದ ಜೊತೆ ಕ್ರೋಮಿಯಂ ಮತ್ತು ಆರ್ಸೆನಿಕ್ ಇರುತ್ತಿದ್ದವು. ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ಮನೆಬಳಕೆಯ ಬಹುಪಾಲು ಮರದಿಂದ ಅದನ್ನು ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಎಸಿಕ್ಯು ಮುಂತಾದವುಗಳಲ್ಲಿ ಆರ್ಸೆನಿಕ್ ಇಲ್ಲ, ಆದರೆ ತಾಮ್ರದ ಪಾಲು ಹೆಚ್ಚು. ಆ ಮರ ಒದ್ದೆಯಾದಾಗ ತಾಮ್ರದ ಅಯಾನುಗಳು ಸ್ವಲ್ಪ ಸ್ವಲ್ಪವೇ ನೀರಿಗಿಳಿದು ಕಾರ್ಪೆಟ್ಟಿನ ಮೂಲಕ ದೋಣಿಯ ತಳವನ್ನು ಮುಟ್ಟುತ್ತವೆ. ಅಲ್ಲಿ ಅವು ಅಲ್ಯೂಮಿನಿಯಮ್ಮಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಚುಕ್ಕೆಗಳಾಗಿ ಕೂರುತ್ತವೆ. ಎರಡು ಬೇರೆ ಲೋಹಗಳು, ನಡುವೆ ನೀರು. ಪ್ರತಿ ಚುಕ್ಕೆಯೂ ಒಂದು ಪುಟ್ಟ ಬ್ಯಾಟರಿಯಾಗಿ ತನ್ನ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಕರಗಿಸತೊಡಗುತ್ತದೆ. ಉಪ್ಪುನೀರಾದರೆ ಈ ಕೆಲಸ ಇನ್ನೂ ಬಿರುಸಾಗಿ ನಡೆಯುತ್ತದೆ. ನಾನು ನೋಡಿದ ಒಂದು ದೋಣಿಯಲ್ಲಿ ಹಲಗೆ ಕೂರುತ್ತಿದ್ದ ಪಟ್ಟಿಯ ಉದ್ದಕ್ಕೂ ಸುಣ್ಣ ಬಳಿದಂತೆ ಬಿಳಿ ಪುಡಿ ಅಂಟಿತ್ತು. ಬ್ರಷ್‌ನಿಂದ ಉಜ್ಜಿ ತೊಳೆದಾಗ ಅದರಡಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಗಾತ್ರದ ಕುಳಿಗಳು, ಸಾಲುಸಾಲಾಗಿ, ಸಿಡುಬಿನ ಕಲೆಯಂತೆ. ಈ ಗಾತ್ರದ ದೋಣಿಯ ತಳದ ತಗಡು ಸಾಮಾನ್ಯವಾಗಿ 2ರಿಂದ 3 ಮಿ.ಮೀ. ದಪ್ಪ, ಕುಳಿ ಆಚೆಬದಿ ತಲುಪಲು ಹೆಚ್ಚು ದೂರ ಹೋಗಬೇಕಿಲ್ಲ. ಬಣ್ಣ ಬಳಿದಿದೆಯಲ್ಲ ಎಂಬ ಸಮಾಧಾನವೂ ಬೇಡ. ಹಲಗೆಯ ಮೇಲೆ ಉಜ್ಜಿ ಮೊದಲು ಸವೆಯುವುದೇ ಅಲ್ಲಿನ ಬಣ್ಣ. ಫೈಬರ್‌ಗ್ಲಾಸ್ ದೋಣಿಯಾಗಿದ್ದರೆ ಈ ಚಿಂತೆಯಿಲ್ಲದೆ ಸಂಸ್ಕರಿಸಿದ ಮರವನ್ನು ಹಾಕಬಹುದಿತ್ತು, ಬೋಲ್ಟ್‌ಗಳನ್ನು ಮಾತ್ರ ಸ್ಟೇನ್‌ಲೆಸ್ ಅಥವಾ ದಪ್ಪ ಸತುವಿನ ಲೇಪದವನ್ನು ಆರಿಸಬೇಕಿತ್ತು, ಏಕೆಂದರೆ ಆ ತಾಮ್ರ ಸಾಮಾನ್ಯ ಉಕ್ಕನ್ನೂ ಬೇಗ ತಿನ್ನುತ್ತದೆ.

ಈಗಿರುವ ಹಳೆಯ ಹಲಗೆಯ ಕತ್ತರಿಸಿದ ಮೈ ಹಸಿರು ಛಾಯೆಯದಾಗಿದ್ದರೆ ಅದೂ ತಾಮ್ರದ ಮರವೇ ಆಗಿರುವ ಸಂಭವ ಹೆಚ್ಚು. ದೋಣಿ ಎತ್ತಿದಾಗ ಅದು ತಾಗಿದ್ದ ಜಾಗವನ್ನು ಕೈಬೆರಳಿನಿಂದ ಸವರಿ, ಟಾರ್ಚನ್ನು ಓರೆಯಾಗಿ ಹಿಡಿದು ಪರೀಕ್ಷಿಸಿ. ಹೊಸ ಹಲಗೆ ಹಾಕುವ ಗಡಿಬಿಡಿಯಲ್ಲಿ ಬಹಳ ಮಂದಿ ಮರೆಯುವ ಕೆಲಸವಿದು.

ಹಾಗಾದರೆ ಯಾವ ಮರ? ಸಂಸ್ಕರಿಸದ, ಆದರೆ ಸ್ವಭಾವತಃ ಬಾಳಿಕೆಯುಳ್ಳ ಮರದ ಚೇಗು. ಡಗ್ಲಸ್ ಫರ್ ನನ್ನ ಮೊದಲ ಆಯ್ಕೆ. ಕೊಳೆಯದಿರುವುದರಲ್ಲಿ ಅದು ಮಧ್ಯಮ, ಆದರೆ ಬಿಗಿತ ಹೆಚ್ಚು, ನೇರ ನಾರು, ಮೊಳೆ ಬೋಲ್ಟ್‌ಗಳನ್ನು ಚೆನ್ನಾಗಿ ಹಿಡಿಯುತ್ತದೆ. ಸೀಡರ್ ಚೆನ್ನಾಗಿ ಬಾಳುತ್ತದೆ, ಆದರೆ ಮೆದು. ಬ್ರಾಕೆಟ್ಟಿನ ಮೇಲೆ ತಗ್ಗುತ್ತದೆ, ಸ್ಕ್ರೂ ಹಿಡಿತವೂ ಕಡಿಮೆ. ತೇಗ ಸಿಕ್ಕರೆ ಅದರಷ್ಟು ಒಳ್ಳೆಯದಿಲ್ಲ. ಹಳೆಯ ಬಾಗಿಲಿನ ಚೌಕಟ್ಟಿನಿಂದ ತೆಗೆದ ಉದ್ದನೆಯ ತೇಗದ ತುಂಡಿದ್ದರೆ ಅದನ್ನು ಇದಕ್ಕೆ ಬಳಸಲು ಹಿಂಜರಿಯಬೇಡಿ. ಬಿಳಿ ಓಕ್ ಗಟ್ಟಿ, ಆದರೆ ಆಮ್ಲೀಯ. ಸಾಮಾನ್ಯ ಉಕ್ಕಿನ ಸುತ್ತ ಕಪ್ಪಾಗುತ್ತದೆ, ಉಕ್ಕನ್ನೂ ತಿನ್ನುತ್ತದೆ. ಯಾವ ಜಾತಿಯ ಮರವಾದರೂ ತಿಳಿಬಣ್ಣದ ಹೊರಮರಕ್ಕೆ ಬಾಳಿಕೆಯಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ತೇಗದ ಹೆಸರಿನಲ್ಲಿ ಹೊರಮರ ತಂದರೆ ಅದೂ ಬೇಗನೆ ಲಡ್ಡಾಗುತ್ತದೆ. ಹಲಗೆಯನ್ನು ಆರಿಸುವಾಗ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ತಿರುಚಿದ್ದರೆ ಬೇಡ. ತುಸು ಬಿಲ್ಲಿನಂತೆ ಬಾಗಿದ್ದರೆ ಅಡ್ಡಿಯಿಲ್ಲ, ಉಬ್ಬು ಮೇಲಾಗಿ ಕೂರಿಸಿದರೆ ದೋಣಿಯ ಭಾರ ಅದನ್ನು ನೇರಮಾಡುತ್ತದೆ. ಬ್ರಾಕೆಟ್ ಬರುವ ಜಾಗದಲ್ಲಿ, ಎರಡು ಬ್ರಾಕೆಟ್‌ಗಳ ನಟ್ಟನಡುವೆ ಮತ್ತು ಕೆಳಮೈಯ ಅಂಚಿನಲ್ಲಿ ದೊಡ್ಡ ಗಂಟುಗಳಿರಬಾರದು. ಹಲಗೆ ಮುರಿಯುವುದು ಕೆಳಮೈಯ ನಾರು ಹಿಗ್ಗಿ ಹರಿಯುವುದರಿಂದ, ಗಂಟಿನ ಬಳಿ ನಾರು ಅಡ್ಡ ತಿರುಗಿರುತ್ತದೆ.

ಅಳತೆಯಲ್ಲಿ ಹಳೆಯದಕ್ಕಿಂತ ಕಡಿಮೆ ಮಾಡಬೇಡಿ. ಪೇಟೆಯಲ್ಲಿ ಎರಡು-ನಾಲ್ಕು ಅಂಗುಲದ್ದೆಂದು ಕರೆಯುವ ಹಲಗೆ ಕೀಸಿದ ಮೇಲೆ ನಿಜವಾಗಿ ಇರುವುದು 38 ಮತ್ತು 89 ಮಿ.ಮೀ.; ಎರಡು-ಆರರದು 38 ಮತ್ತು 140 ಮಿ.ಮೀ. ಅದೇ 89ರ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದು ಮಲಗಿಸಿದ್ದಕ್ಕಿಂತ ಸುಮಾರು ಐದೂವರೆ ಪಟ್ಟು ಬಿಗಿಯಾಗುತ್ತದೆ. ಆದರೆ ತಳಕ್ಕೆ ತಾಗುವ ಅಗಲ ಅರ್ಧಕ್ಕಿಂತ ಕಡಿಮೆಯಾಗಿ ಒತ್ತಡ ಎರಡು ಪಟ್ಟಿಗಿಂತ ಹೆಚ್ಚುತ್ತದೆ. ತೆಳು ತಗಡಿನ ದೋಣಿಗೆ ಮಲಗಿಸಿದ ಹಲಗೆಯೇ ಸೂಕ್ತ. 3 ಮೀಟರ್‌ಗೆ ಮೂರೇ ಬ್ರಾಕೆಟ್ ಎಂದರೆ ಒಂದರಿಂದ ಒಂದಕ್ಕೆ ಮೀಟರ್‌ಗಿಂತ ಹೆಚ್ಚು ಅಂತರವಿರುತ್ತದೆ, ಅದು ನನಗೆ ತುಸು ಕಡಿಮೆ ಆಧಾರವೆನಿಸುತ್ತದೆ. ಚೌಕಟ್ಟಿನಲ್ಲಿ ಇನ್ನೊಂದು ಅಡ್ಡಪಟ್ಟಿ ಇದ್ದರೆ ಬದಿಗೆ ಒಂದೊಂದು ಬ್ರಾಕೆಟ್ ಸೇರಿಸಿ. ಇಲ್ಲವಾದರೆ 140 ಅಗಲದ ಹಲಗೆಗೆ ಹೋಗಬಹುದು, ಅದು ಏಣುಗಳ ನಡುವೆ ಹಿಡಿಸುವುದಾದರೆ.

ಕತ್ತರಿಸಿ, ರಂಧ್ರ ಕೊರೆದು, ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿದ ನಂತರವಷ್ಟೇ ಲೇಪನ ಹಚ್ಚಿ. ಮರ ನೀರನ್ನು ಕುಡಿಯುವುದು ಪಕ್ಕದ ಮೈಯಿಂದಲ್ಲ, ಕೊಳವೆಗಳು ತೆರೆದಿರುವ ಕತ್ತರಿಸಿದ ತುದಿಗಳಿಂದ ಮತ್ತು ರಂಧ್ರಗಳಿಂದ. ಆದ್ದರಿಂದ ತುದಿಗಳಿಗೆ ತೆಳು ಎಪಾಕ್ಸಿಯನ್ನು ಕುಡಿಯುವಷ್ಟು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಹಚ್ಚಿ. ಇಡೀ ಹಲಗೆಗೆ ಎಪಾಕ್ಸಿ ಬಳಿಯುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಎಲ್ಲೋ ಒಂದು ಗೀರಿನಿಂದ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲದೆ ಮರ ಒಳಗೊಳಗೇ ಕೊಳೆಯುತ್ತದೆ. ಉಳಿದ ಮೈಗೆ ಕುದಿಸಿದ ಅಗಸೆ ಎಣ್ಣೆಯನ್ನು ಎರಡು ಮೂರು ಸಲ ಸವರಿ ಒಣಗಿಸಿದರೆ ಸಾಕು. ಆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರಡಿ ಒಣಗಿಸಿ, ಅಥವಾ ನೀರಿನಲ್ಲಿ ನೆನೆಸಿಡಿ.

ಬೋಲ್ಟ್‌ಗಳ ವಿಷಯದಲ್ಲಿ ಎರಡು ಪದ್ಧತಿಗಳಿವೆ. ದುಂಡು ತಲೆಯ, ಚೌಕ ಕತ್ತಿನ ಬೋಲ್ಟನ್ನು ಮೇಲಿನಿಂದ ತೂರಿಸಿ ಕೆಳಗೆ ನಟ್ ಬಿಗಿಯುವುದು ಒಂದು. ಹಿಡಿತ ಗಟ್ಟಿ, ಆದರೆ ತಲೆಯನ್ನು 8ರಿಂದ 10 ಮಿ.ಮೀ. ಆಳಕ್ಕೆ ಹುದುಗಿಸದಿದ್ದರೆ ಕಾರ್ಪೆಟ್ ಸವೆದ ದಿನ ಅದು ತಳವನ್ನು ಗೀರುತ್ತದೆ, ಹುದುಗಿಸಿದರೆ ಆ ಕುಳಿ ನೀರಿನ ಬಟ್ಟಲಾಗುತ್ತದೆ. ಇನ್ನೊಂದು, ಬ್ರಾಕೆಟ್ಟಿನ ಕೆಳಗಿನಿಂದ ಆರುಮೂಲೆ ತಲೆಯ ದಪ್ಪ ಮರದ ಸ್ಕ್ರೂವನ್ನು ತಿರುಗಿಸುವುದು. ಮೇಲ್ಮೈಯಲ್ಲಿ ಲೋಹವೇ ಇರುವುದಿಲ್ಲ, ನೀರು ನಿಲ್ಲುವ ಕುಳಿಯೂ ಇಲ್ಲ. ಭಾರವೆಲ್ಲ ಕೆಳಮುಖವಾಗಿ ಇರುವುದರಿಂದ ಸ್ಕ್ರೂ ಕಿತ್ತುಬರುವ ಭಯವೂ ಕಡಿಮೆ. ಅಲ್ಯೂಮಿನಿಯಂ ದೋಣಿಗೆ ನಾನು ಇದನ್ನೇ ಒಪ್ಪುತ್ತೇನೆ. ಉದ್ದದ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ: ಬ್ರಾಕೆಟ್ 5 ಮಿ.ಮೀ., ವಾಷರ್ 2 ಮಿ.ಮೀ. ದಪ್ಪವಿದ್ದರೆ 38 ಮಿ.ಮೀ. ಉದ್ದದ ಸ್ಕ್ರೂ ಮರದೊಳಕ್ಕೆ 31 ಮಿ.ಮೀ. ಹೋಗುತ್ತದೆ, ಮೇಲೆ 7 ಮಿ.ಮೀ. ಮರ ಉಳಿಯುತ್ತದೆ. 8 ಮಿ.ಮೀ. ದಪ್ಪದ ಸ್ಕ್ರೂವಿಗೆ ಮೆದು ಮರದಲ್ಲಿ 5, ಗಟ್ಟಿ ಮರದಲ್ಲಿ 6 ಮಿ.ಮೀ. ರಂಧ್ರ ಮೊದಲೇ ಕೊರೆದು, ಡ್ರಿಲ್ ಬಿಟ್ಟಿಗೆ 30 ಮಿ.ಮೀ. ಗುರುತಿಗೆ ಟೇಪ್ ಸುತ್ತಿಕೊಳ್ಳಿ. ಸ್ಟೇನ್‌ಲೆಸ್‌ನಲ್ಲಿ 316 ದರ್ಜೆ ಉಪ್ಪುನೀರಿಗೂ ತಾಳುತ್ತದೆ. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದಂತೆಯೇ ವೇಗವಾಗಿ ಬಿಗಿದರೆ ಎಳೆಗಳು ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತವೆ. ಎಳೆಗೆ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿ ನಿಧಾನವಾಗಿ ಕೈಯಿಂದ ತಿರುಗಿಸಿ. ತುಕ್ಕು ಹಿಡಿದ ನಿಮ್ಮ ಹಳೆಯ ಬೋಲ್ಟ್‌ಗಳನ್ನು ಮತ್ತೆ ಬಳಸುವ ಯೋಚನೆ ಬೇಡ. ಬ್ರಾಕೆಟ್ಟನ್ನು ಚೌಕಟ್ಟಿಗೆ ಹಿಡಿದಿರುವ ಯು ಆಕಾರದ ಬೋಲ್ಟ್‌ಗಳ ತಿರುವಿನ ಒಳಮೈಯನ್ನೂ ನೋಡಿ, ಅವು ಸವೆಯುವುದು ಅಲ್ಲಿಯೇ.

ಕಾರ್ಪೆಟ್ ಬಗ್ಗೆ ಹೇಳುವುದು ಸ್ವಲ್ಪ. ನೀರು ಹೀರದ ಪಾಲಿಪ್ರೊಪಿಲೀನ್ ನೂಲಿನದಾಗಿರಲಿ, ಹಿಂದೆ ರಬ್ಬರ್ ಅಂಟಿಸಿದ್ದು ಬೇಡ. ನಿಮ್ಮ ಹಲಗೆಗೆ 22 ಸೆಂ.ಮೀ. ಅಗಲದ ಪಟ್ಟಿ ಸಾಕು: ಮೇಲ್ಮೈ, ಎರಡು ಪಕ್ಕ, ಕೆಳಗೆ ಎರಡೂ ಕಡೆ ಎರಡೂವರೆ ಸೆಂ.ಮೀ. ಮಡಿಕೆ. ಕೆಳಮೈಯ ನಡುಭಾಗ ತೆರೆದೇ ಇರಬೇಕು, ಮರ ಉಸಿರಾಡುವುದು ಅಲ್ಲಿಂದ. ಅಂಟು ಹಚ್ಚದೆ, ಬಿಗಿಯಾಗಿ ಎಳೆದು, ಸ್ಟೇನ್‌ಲೆಸ್ ಸ್ಟೇಪಲ್‌ಗಳನ್ನು 5 ಸೆಂ.ಮೀ.ಗೊಂದರಂತೆ ಕೆಳಮೈಗೆ ಮಾತ್ರ ಹೊಡೆಯಿರಿ. ದೋಣಿ ಏರುವಾಗ ಮೊದಲ ಹೊಡೆತ ತಿನ್ನುವುದು ಹಿಂತುದಿ. ಅಲ್ಲಿ ಪುಸ್ತಕಕ್ಕೆ ರಟ್ಟು ಹಾಕುವಾಗ ಮೂಲೆ ಮಡಿಸುವಂತೆ ಮಡಿಸಿ ಒಳಕ್ಕೆ ಸೇರಿಸಿ.

ಪ್ಲಾಸ್ಟಿಕ್ ಹಲಗೆ ಕೊಳೆಯುವುದಿಲ್ಲ ಎಂಬುದು ನಿಜ. ಆದರೆ ಮರದಷ್ಟು ಬಿಗಿಯಿಲ್ಲ, ಬಿಸಿಲಿಗೆ ಮತ್ತಷ್ಟು ಮೆತ್ತಗಾಗುತ್ತದೆ. ಮೂರು ಬ್ರಾಕೆಟ್‌ಗಳ ನಿಮ್ಮ ಟ್ರೇಲರ್‌ನಲ್ಲಿ ಅದು ಜೋತುಬೀಳುವುದು ಖಂಡಿತ. ಪಾಲಿಥಿಲೀನಿನ 3 ಮೀಟರ್ ಹಲಗೆ 30 ಡಿಗ್ರಿ ತಾಪ ಏರಿದರೆ ಒಂದು ಸೆಂಟಿಮೀಟರ್‌ನಷ್ಟಾದರೂ ಉದ್ದವಾಗುವುದರಿಂದ ರಂಧ್ರಗಳನ್ನು ಉದ್ದಗೆ ಕೊರೆಯಬೇಕಾಗುತ್ತದೆ. ಮರದ ಹಲಗೆಯ ಮೇಲೆ ಕಾರ್ಪೆಟ್ ಬದಲು ನುಣುಪಾದ ಪ್ಲಾಸ್ಟಿಕ್ ಪಟ್ಟಿಗಳನ್ನು ಕೂರಿಸುವುದು ಇನ್ನೊಂದು ದಾರಿ. ನೀರು ಹಿಡಿದಿಡುವ ಕಾರ್ಪೆಟ್ಟೇ ಇಲ್ಲದ್ದರಿಂದ ನಿಮ್ಮ ದೋಣಿಗೆ ಇದು ಒಳ್ಳೆಯದೇ. ಆದರೆ ದೋಣಿ ಎಷ್ಟು ಸಲೀಸಾಗಿ ಜಾರುತ್ತದೆಂದರೆ, ನೀರು ಮುಟ್ಟುವ ಮೊದಲೇ ವಿಂಚಿನ ಪಟ್ಟಿ ಬಿಚ್ಚಿದವರ ದೋಣಿ ಕಾಂಕ್ರೀಟಿನ ಇಳಿಜಾರಿನ ಮೇಲೆ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಕೂರಿಸುವಾಗ ಎಲ್ಲ ಸ್ಕ್ರೂಗಳನ್ನೂ ಅರ್ಧಕ್ಕಷ್ಟೇ ಬಿಗಿದು, ಹಲಗೆ ಎಲ್ಲ ಬ್ರಾಕೆಟ್ಟುಗಳಿಗೂ ತಾಗಿದೆಯೇ ನೋಡಿ, ಆಮೇಲೆ ಹಿಂತುದಿಯಿಂದ ಮುಂದಕ್ಕೆ ಬಿಗಿಯುತ್ತ ಹೋಗಿ. ಮುಂತುದಿಯಲ್ಲಿ ತಳ ಒಳಕ್ಕೆ ತಿರುಗುವ ಕಡೆ ಹಲಗೆ ತುಸು ಬಾಗಬೇಕಾಗಬಹುದು. ಕ್ಲ್ಯಾಂಪ್ ಹಾಕಿ ದಿನಕ್ಕಿಷ್ಟರಂತೆ ಎಳೆದರೆ ಒಣ ಮರವೂ ಬಗ್ಗುತ್ತದೆ. ಹೆಚ್ಚು ತಿರುವಿದ್ದರೆ ಅರ್ಧ ದಪ್ಪದ ಎರಡು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಬಗ್ಗಿಸುವುದು ವಾಸಿ. ಕೆಳಮೈಗೆ ಗರಗಸದಿಂದ ಕಚ್ಚು ಹಾಕಿ ಬಗ್ಗಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಅದು ಮುರಿಯುವ ಜಾಗವನ್ನು ನಾವೇ ತೋರಿಸಿಕೊಟ್ಟಂತೆ. ತುದಿಯ ಬ್ರಾಕೆಟ್ಟಿನ ತಲೆ ತಿರುಗುವಂಥದ್ದಾಗಿದ್ದರೆ ಅದನ್ನು ಈಗಲೇ ಪೂರ್ತಿ ಬಿಗಿಯದೆ, ದೋಣಿ ಕೂತ ಮೇಲೆ ಅದರ ತಳದ ಓರೆಗೆ ಹೊಂದಿಕೊಂಡ ನಂತರ ಬಿಗಿಯಬೇಕು.

ಹೊಸ ಹಲಗೆ ಹಳೆಯದಕ್ಕಿಂತ ನಾಲ್ಕೈದು ಮಿ.ಮೀ. ಎತ್ತರವಿರಬಹುದು. ಅಷ್ಟರಲ್ಲೇ ದೋಣಿಯ ತಳದ ನಡು ಏಣನ್ನು (ಕೀಲ್) ಹೊರುವ ನಡುವಿನ ರೋಲರುಗಳು ತಳದಿಂದ ಬಿಟ್ಟುಕೊಂಡು ಸುಮ್ಮನೆ ತಿರುಗುತ್ತಿದ್ದರೆ ಅವನ್ನೂ ಅಷ್ಟೇ ಏರಿಸಿ. ದೋಣಿಯನ್ನು ಮೊದಲ ಬಾರಿ ಏರಿಸಿದ ಮೇಲೆ ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡು ಹಲಗೆ ಮತ್ತು ತಳದ ನಡುವೆ ಉದ್ದಕ್ಕೂ ತೂರಿಸಿ ನೋಡುತ್ತ ಬನ್ನಿ. ಎಲ್ಲಿಯೂ ಸಲೀಸಾಗಿ ಒಳಹೋಗಬಾರದು. ಹೋದರೆ ಆ ಜಾಗಕ್ಕೆ ಹತ್ತಿರದ ಬ್ರಾಕೆಟ್ಟನ್ನು ತುಸು ಏರಿಸಬೇಕು. ಜೊತೆಗೆ ಕೊಂಡಿಯ ಬಳಿ ಟ್ರೇಲರ್‌ನ ಮೂತಿಯನ್ನು ಎತ್ತಿ ನೋಡಿ, ಮೊದಲಿನಷ್ಟೇ ಭಾರವಿದೆಯೇ ಎಂದು. ಹಲಗೆಯ ಎತ್ತರ ಅಥವಾ ದೋಣಿಯ ಮೂತಿ ತಾಗಿ ನಿಲ್ಲುವ ಜಾಗ ಬದಲಾಗಿ ದೋಣಿ ಹಿಂದಕ್ಕೆ ಸರಿದಿದ್ದರೆ ಟ್ರೇಲರ್‌ನ ಮೂತಿ ಹಗುರವಾಗುತ್ತದೆ, ಹಗುರ ಮೂತಿಯ ಟ್ರೇಲರ್ ವೇಗದಲ್ಲಿ ಬಾಲ ಬೀಸುತ್ತದೆ. ಹಾಗಿದ್ದರೆ ವಿಂಚಿನ ಕಂಬವನ್ನು ಮುಂದಕ್ಕೆ ಸರಿಸಿ ಸರಿಪಡಿಸಿ.

ಮೊದಲ ಪಯಣದಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎಲ್ಲ ಬೋಲ್ಟ್‌ಗಳನ್ನೂ ಒಮ್ಮೆ ಬಿಗಿಯಿರಿ, ಮರ ಒಣಗಿ ಕುಗ್ಗುವುದರಿಂದ ಒಂದು ತಿಂಗಳ ನಂತರ ಮತ್ತೊಮ್ಮೆ. ಹಳೆಯ ಹಲಗೆ ಹಸಿರು ಛಾಯೆಯದಾಗಿದ್ದರೆ ಅದನ್ನು ಒಲೆಗೂ ಶಿಬಿರದ ಬೆಂಕಿಗೂ ಹಾಕಬೇಡಿ. ಹಳೆಯ ಸಿಸಿಎ ಮರವಾಗಿದ್ದರೆ ಅದರ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಆರ್ಸೆನಿಕ್ ಇರುತ್ತದೆ. ಕತ್ತರಿಸುವಾಗ ಮೂಗಿಗೆ ಮಾಸ್ಕ್ ಹಾಕಿಕೊಂಡು, ತುಂಡುಗಳನ್ನು ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೆ ಕೊಡಿ.